ಸಾಲ ವಸೂಲಿಗೆ ನಕಲಿ ವಾರಂಟ್ ಬಂದರೆ ಏನು ಮಾಡಬೇಕು?

ಕಂತು ತಪ್ಪಿದವರ ಮೊಬೈಲಿಗೆ ರಾಜಲಾಂಛನ, ಮೊಹರು, ಕೇಸ್ ನಂಬರು ಎಲ್ಲವೂ ಇರುವ ‘ಬಂಧನ ವಾರಂಟ್’ ಬಂದಾಗ, ಹಣ ಹೊಂದಿಸಲು ಓಡುವ ಮೊದಲು ಆ ಕಾಗದ ನಿಜವೇ ಎಂದು ವಿಚಾರಿಸಬೇಕು. ಸಾಲ ನಿಜವಾಗಿಯೇ ಬಾಕಿಯಿದ್ದರೂ, ನ್ಯಾಯಾಲಯದ ಅಥವಾ ಪೊಲೀಸರ ಹೆಸರಿನಲ್ಲಿ ಕಾಗದ ಸೃಷ್ಟಿಸುವ ಹಕ್ಕು ಯಾವ ಫೈನಾನ್ಸಿಗೂ, ವಸೂಲಿ ಏಜೆಂಟರಿಗೂ ಇಲ್ಲ. ಕಂತು ಕಟ್ಟಲಾಗಲಿಲ್ಲ ಎಂಬುದಷ್ಟೇ ಕಾರಣಕ್ಕೆ ಪೊಲೀಸರು ಯಾರನ್ನೂ ಬಂಧಿಸುವಂತಿಲ್ಲ.

ಕಾಗದದಲ್ಲೇ ಕೊಟ್ಟಿರುವ ಫೋನ್ ನಂಬರಿಗೆ ಕರೆ ಮಾಡಿ ಪರಿಶೀಲಿಸಬೇಡಿ. ನ್ಯಾಯಾಲಯದ ಪ್ರತಿ ಪ್ರಕರಣಕ್ಕೂ 16 ಅಕ್ಷರ ಮತ್ತು ಅಂಕಿಗಳ ಸಿಎನ್‌ಆರ್ ಸಂಖ್ಯೆ ಇರುತ್ತದೆ. ಅದನ್ನು ಇ-ಕೋರ್ಟ್ಸ್ ಜಾಲತಾಣದಲ್ಲಿ ಹುಡುಕಿ, ಅಥವಾ ಮಂಗಳೂರು ಇಲ್ಲವೇ ಉಡುಪಿಯ ನ್ಯಾಯಾಲಯದ ಕಚೇರಿಗೇ ಕಾಗದವನ್ನು ಒಯ್ದು ಕೇಳಿ. ಸಹಕಾರಿ ಸಂಘಗಳು ಊರೂರಿಗೂ ಇರುವ ನಮ್ಮ ಕರಾವಳಿಯಲ್ಲಿ ಇನ್ನೊಂದು ಎಚ್ಚರವೂ ಬೇಕು: ಸಂಘದ ಸಾಲದ ವಿವಾದಗಳು 1959ರ ಕರ್ನಾಟಕ ಸಹಕಾರ ಸಂಘಗಳ ಅಧಿನಿಯಮದ 70ನೇ ಕಲಮಿನಂತೆ ಸಹಕಾರ ಇಲಾಖೆಯ ಮುಂದೆ ಹೋಗುವುದರಿಂದ, ಅಲ್ಲಿಂದ ಬಂದ ನೋಟಿಸು ಅಸಲಿಯಾಗಿರಬಹುದು. ವಕೀಲರ ನೋಟಿಸು ನ್ಯಾಯಾಲಯದ ಆದೇಶವಲ್ಲ. ಆದರೆ ಚೆಕ್ ಬೌನ್ಸ್ ಆಗಿ ಬಂದ ನೋಟಿಸಿಗೆ 15 ದಿನಗಳೊಳಗೆ ಹಣ ಕಟ್ಟದಿದ್ದರೆ ಕ್ರಿಮಿನಲ್ ಪ್ರಕರಣವಾಗಬಹುದು, ಅದನ್ನು ಬದಿಗಿಡಬೇಡಿ.

ಕಾಗದ ನಕಲಿ ಎಂದು ಖಚಿತವಾದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ ನಿಮ್ಮ ಪರ ನಿಲ್ಲುತ್ತದೆ. ನ್ಯಾಯಾಲಯದ ದಾಖಲೆಯನ್ನು ಖೋಟಾ ಮಾಡುವುದಕ್ಕೆ 337ನೇ ಕಲಮಿನಡಿ 7 ವರ್ಷಗಳವರೆಗೆ ಜೈಲು ಇದೆ. ಖೋಟಾ ಎಂದು ಗೊತ್ತಿದ್ದೂ ಅದನ್ನು ಅಸಲಿಯಂತೆ ಬಳಸಿದವನಿಗೂ 340ನೇ ಕಲಮು ಅದೇ ಶಿಕ್ಷೆ ವಿಧಿಸುವುದರಿಂದ, ‘ನಾನು ಬರೇ ಕಳುಹಿಸಿದೆ’ ಎಂದು ಏಜೆಂಟ ಜಾರಿಕೊಳ್ಳಲಾಗದು. ಪೊಲೀಸ್ ಅಧಿಕಾರಿಯೆಂದು ಸೋಗು ಹಾಕಿದರೆ 204, ಬೆದರಿಸಿ ಹಣ ಕಿತ್ತರೆ 308ನೇ ಕಲಮು ಅನ್ವಯವಾಗುತ್ತದೆ. ಬಲವಂತದ ವಸೂಲಿಯನ್ನು ತಡೆಯಲು ಕರ್ನಾಟಕವೂ 2025ರಲ್ಲಿ ಕಿರು ಸಾಲಗಳಿಗೆಂದೇ ಕಾನೂನು ತಂದಿದೆ.

ಸಂದೇಶ, ಲಕೋಟೆ, ಕರೆ ಬಂದ ನಂಬರು ಯಾವುದನ್ನೂ ಅಳಿಸದೆ, ಹರಿಯದೆ ಇಟ್ಟುಕೊಂಡು ಸೆನ್ ಠಾಣೆಗೆ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ ಪೊಲೀಸ್ ಠಾಣೆ) ಅಥವಾ ಹತ್ತಿರದ ಯಾವುದೇ ಠಾಣೆಗೆ ಲಿಖಿತ ದೂರು ಕೊಡಿ. ಘಟನೆ ತಮ್ಮ ಸರಹದ್ದಿನದಲ್ಲ ಎಂಬ ಕಾರಣಕ್ಕೆ ಠಾಣೆಯವರು ದೂರು ನಿರಾಕರಿಸುವಂತಿಲ್ಲ. ಆನ್‌ಲೈನಿನಲ್ಲಿ ಹಣ ಈಗಾಗಲೇ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ (ಸಹಾಯವಾಣಿ 15100) ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ನೆರೆಕರೆಗೆ ತಿಳಿದರೆ ಮರ್ಯಾದೆ ಹೋಗುತ್ತದೆಂದು ಅಂಜಿ ಸುಮ್ಮನಿರುವವರ ಮೌನವೇ ಈ ವಂಚಕರ ಬಂಡವಾಳ. ಇಲ್ಲಿ ತಪ್ಪಿತಸ್ಥರು ಸಾಲಗಾರರಲ್ಲ.

ದೂರು ಕೊಟ್ಟ ಮಾತ್ರಕ್ಕೆ ಅಸಲು ಸಾಲ ತೀರುವುದಿಲ್ಲವಾದ್ದರಿಂದ, ಸಂಸ್ಥೆಗೆ ಪತ್ರ ಬರೆದು ಬಾಕಿಯ ಲೆಕ್ಕ ಕೇಳಿ, ಕಟ್ಟುವ ಹಣವನ್ನು ಏಜೆಂಟರ ಕೈಗೆ ಕೊಡದೆ ನೇರವಾಗಿ ಸಾಲದ ಖಾತೆಗೇ ಕಟ್ಟಿ ರಶೀದಿ ಪಡೆಯಿರಿ. ಬ್ಯಾಂಕು 30 ದಿನಗಳಲ್ಲಿ ನಿಮ್ಮ ದೂರಿಗೆ ಉತ್ತರಿಸದಿದ್ದರೆ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಯಾದ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು.