ಶಿಡ್ಲಘಟ್ಟದ ಗೂಡಿನಿಂದ ನಂದಿಯ ಗುಡಿವರೆಗೆ: ಗೆಳೆಯರ ಜೊತೆ ಒಂದು ದಿನ

ಚಿಕ್ಕಬಳ್ಳಾಪುರದ ಕಡೆ ಹೊರಟವರೆಲ್ಲ ಮೊದಲು ನಂದಿಬೆಟ್ಟದ ಸೂರ್ಯೋದಯಕ್ಕೆ ಓಡುತ್ತಾರೆ. ಬೆಟ್ಟ ಇಳಿಯುವಷ್ಟರಲ್ಲಿ ಹತ್ತು ಗಂಟೆ ದಾಟಿರುತ್ತದೆ, ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಯ ಗದ್ದಲವೂ ತಣ್ಣಗಾಗುತ್ತಾ ಬಂದಿರುತ್ತದೆ. ನೂಲು ತೆಗೆಯುವುದನ್ನು ನೋಡಬೇಕೆಂದರೆ ಈ ಕ್ರಮವನ್ನು ತಿರುಗಿಸಿ. ಬೆಳಿಗ್ಗೆ ರೇಷ್ಮೆ, ಮಧ್ಯಾಹ್ನದ ಮೇಲೆ ಊರು ನೋಡುವುದು.

ಇದಕ್ಕೆ ಕಾರಣ ಗೂಡಿನೊಳಗೇ ಇದೆ. ಮಾರುಕಟ್ಟೆಗೆ ಬರುವ ಗೂಡಿನೊಳಗಿನ ಕೋಶಕ್ಕೆ (ಹುಳು ಚಿಟ್ಟೆಯಾಗುವ ಮುಂಚಿನ ರೂಪ, ಪ್ಯೂಪಾ) ಇನ್ನೂ ಜೀವವಿರುತ್ತದೆ. ಕೆಲವು ದಿನ ಬಿಟ್ಟರೆ ಅದು ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಹೊರಬರುತ್ತದೆ. ತೂತಾದ ಗೂಡಿನಿಂದ ಉದ್ದನೆಯ ಎಳೆ ಸಿಗುವುದಿಲ್ಲ. ಅದೂ ಅಲ್ಲದೆ ತೇವ ಆರಿದಂತೆ ತೂಕ ಇಳಿಯುತ್ತದೆ, ಆ ನಷ್ಟ ರೈತರದು. ಅದಕ್ಕೇ ಎಲ್ಲರಿಗೂ ಬೆಳಿಗ್ಗೆಯೇ ಅವಸರ.

ಹೊರಡುವ ಮುನ್ನ ಎರಡು ಕೆಲಸ ಮುಗಿಸಿಕೊಳ್ಳಿ. ಅಂದು ಮಾರುಕಟ್ಟೆ ತೆರೆದಿದೆಯೇ ಎಂದು ರೇಷ್ಮೆ ಇಲಾಖೆಯ ಸ್ಥಳೀಯ ಕಚೇರಿಯಲ್ಲಿ ಕೇಳಿ. ನೂಲು ಬಿಚ್ಚುವ ಘಟಕದವರೊಬ್ಬರ ಒಪ್ಪಿಗೆಯನ್ನೂ ಮೊದಲೇ ಪಡೆಯಿರಿ. ಇವೆಲ್ಲ ಮನೆಗೆ ಹೊಂದಿಕೊಂಡ ಸಣ್ಣ ಫಿಲೇಚರ್‌ಗಳು, ಟಿಕೆಟ್ ಕೊಟ್ಟು ಒಳಗೆ ಬಿಡುವ ಜಾಗಗಳಲ್ಲ. ಶುಕ್ರವಾರವಾದರೆ ಮಧ್ಯಾಹ್ನ ನಮಾಜಿಗೆ ಕೆಲಸ ನಿಲ್ಲಿಸುತ್ತಾರೆಯೇ ಎಂದು ಕೇಳಿಕೊಳ್ಳಿ. ಗೂಡು ಹಾಕಿ ನೂಲು ಬಿಚ್ಚುವ ನೀರಿನ ತೊಟ್ಟಿಗಳ, ಅಂದರೆ ಬೇಸಿನ್‌ಗಳ, ಸಾಲುಗಳ ನಡುವೆ ಜಾಗ ಕಿರಿದು, ಆರು ಜನಕ್ಕಿಂತ ಹೆಚ್ಚಿದ್ದರೆ ಎರಡು ಗುಂಪಾಗಿ ಒಳಗೆ ಹೋಗಿ.

ಬೆಂಗಳೂರಿನಿಂದ ದೇವನಹಳ್ಳಿ, ವಿಜಯಪುರದ ಮೇಲೆ ಶಿಡ್ಲಘಟ್ಟಕ್ಕೆ ಸುಮಾರು 60 ಕಿಲೋಮೀಟರ್. ಆರಕ್ಕೆ ಹೊರಟರೆ ತಿಂಡಿ ಮುಗಿಸಿಕೊಂಡು ಎಂಟೂವರೆಗೆ ಮಾರುಕಟ್ಟೆಯಲ್ಲಿರಬಹುದು.

ಅಲ್ಲಿ ಒಬ್ಬೊಬ್ಬ ರೈತರ ಗೂಡೂ ಒಂದೊಂದು ಲಾಟ್, ಜಾಲರಿಗಳಲ್ಲಿ ಹರಡಿರುತ್ತದೆ. ಬಿಳಿ ಗೂಡು ಬೈವೋಲ್ಟೀನ್ ಎಂಬ ತಳಿಯ ಹುಳುವಿನದು, ಹಳದಿ ಛಾಯೆಯದು ಮಿಶ್ರತಳಿ. ಗೂಡು ಕೊಂಡು ನೂಲು ತೆಗೆಯುವ ರೀಲರ್‌ಗಳು ಹಿಡಿ ಗೂಡು ಎತ್ತಿ ಕಿವಿಯ ಹತ್ತಿರ ಅಲುಗಿಸುವುದನ್ನು ಗಮನಿಸಿ. ಒಳಗೆ ಸ್ಪಷ್ಟವಾಗಿ ಲೊಟಲೊಟ ಎಂದರೆ ಹುಳು ಕೋಶವಾಗಿ ಗಟ್ಟಿಯಾಗಿದೆ. ಸದ್ದಿಲ್ಲದಿದ್ದರೆ ಬೇಗ ಬಿಡಿಸಿದ ಹಸಿ ಗೂಡು, ಇಲ್ಲವೇ ಒಳಗೆ ಸತ್ತು ಅಂಟಿಕೊಂಡದ್ದು. ಹರಾಜು ಇಲೆಕ್ಟ್ರಾನಿಕ್ ವ್ಯವಸ್ಥೆಯಲ್ಲಿ ನಡೆಯುವುದರಿಂದ ಕೂಗಾಟ ಕೇಳಿಸದು. ಬೆಲೆ ಹಿಡಿಸದಿದ್ದರೆ ರೈತರು ಒಲ್ಲೆ ಎನ್ನಬಹುದು. ಅವರ ಮುಖದ ಮೇಲೆ ಕ್ಯಾಮೆರಾ ಹಿಡಿಯಬೇಡಿ, ತಿಂಗಳ ದುಡಿಮೆಗೆ ಬೆಲೆ ಗೊತ್ತಾಗುವ ಗಳಿಗೆ ಅದು. ಕೇಳದೆ ಗೂಡಿಗೆ ಕೈ ಹಾಕಲೂಬೇಡಿ: ಒಂದು ಕೋಶ ಒಡೆದರೂ ಸುತ್ತಲಿನ ಗೂಡಿಗೆಲ್ಲ ಕಲೆ.

ಹತ್ತೂವರೆ ಹೊತ್ತಿಗೆ ಫಿಲೇಚರ್‌ಗೆ ಹೋಗಿ. ಇಲ್ಲಿಗೆ ಒಂದೂವರೆ ಗಂಟೆ ಇಟ್ಟುಕೊಳ್ಳಿ, ಇಡೀ ದಿನದ ಸಾರ ಇದೇ. ಮೊದಲು ಗೂಡು ಆರಿಸುವ ಜಾಗ: ಎರಡು ಹುಳು ಸೇರಿ ಕಟ್ಟಿದ ಡಬಲ್ ಗೂಡು, ಕಲೆಯ ಗೂಡು ಬೇರೆಯಾಗುತ್ತವೆ. ಡಬಲ್ ಗೂಡಿನಲ್ಲಿ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡಿರುವುದರಿಂದ ಸಲೀಸಾಗಿ ಬಿಚ್ಚುವುದಿಲ್ಲ. ಮುಂದೆ ಬೇಯಿಸುವುದು. ಎಳೆಗಳನ್ನು ಹಿಡಿದಿರುವ ಸೆರಿಸಿನ್ ಎಂಬ ಅಂಟು ಕುದಿನೀರಿನಲ್ಲಿ ಮೆತ್ತಗಾಗಬೇಕು. ಕಡಿಮೆ ಬೆಂದರೆ ಎಳೆ ಪದೇ ಪದೇ ಕಡಿಯುತ್ತದೆ, ಹೆಚ್ಚಾದರೆ ಗೊಂಚಲಾಗಿ ಎದ್ದು ತ್ಯಾಜ್ಯ ಹೆಚ್ಚುತ್ತದೆ. ನೀರು ಗಡುಸಾಗಿದ್ದರೂ ಅಂಟು ಸರಿಯಾಗಿ ಬಿಡದು.

ಬೇಸಿನ್ ಮುಂದೆ ನಿಂತು ಒಂದೇ ನೂಲಿನ ಕಡೆ ಹತ್ತು ನಿಮಿಷ ಕಣ್ಣಿಡಿ. ಎಂಟು, ಹತ್ತು ಗೂಡುಗಳ ಎಳೆ ಕೂಡಿ ಒಂದು ನೂಲಾಗಿ ಮೇಲೇರುತ್ತದೆ. ಮೇಲೆ ನೂಲು ತನ್ನ ಸುತ್ತ ತಾನೇ ಹೊಸೆದುಕೊಳ್ಳುವ ಕಡೆ ನೀರು ಹಿಂಡಿಹೋಗಿ ಎಳೆಗಳು ದುಂಡಗೆ ಕೂಡುತ್ತವೆ. ಒಳ್ಳೆಯ ಬೈವೋಲ್ಟೀನ್ ಗೂಡೊಂದರಲ್ಲಿ ಸುಮಾರು 1,000 ಮೀಟರ್ ಎಳೆ ಇರುತ್ತದೆ. ಬಿಚ್ಚುತ್ತಾ ಹೋದಂತೆ ಗೂಡು ತೆಳ್ಳಗಾಗಿ ಒಳಗಿನ ಕಂದು ಕೋಶ ಕಾಣಿಸುತ್ತದೆ. ಒಳಪದರದ ಎಳೆ ಹೊರಗಿನದಕ್ಕಿಂತ ಸಣ್ಣ. ಹಾಗಾಗಿ ಎಣಿಕೆ ಸರಿಯಿದ್ದರಷ್ಟೇ ಸಾಲದು, ಹೊಸ ಗೂಡು ಮತ್ತು ಅರ್ಧ ಬಿಚ್ಚಿದ ಗೂಡು ಬೆರೆತಿರಬೇಕು. ಇಲ್ಲದಿದ್ದರೆ ನೂಲು ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಬೇಸಿನ್ ಹೆಂಗಸರು ಇದನ್ನೆಲ್ಲ ಕಣ್ಣಳತೆಯಲ್ಲೇ ನಿಭಾಯಿಸುವುದು ನಿಜಕ್ಕೂ ದೊಡ್ಡ ವಿದ್ಯೆ. ಪ್ರಶ್ನೆಗಳನ್ನು ಯಂತ್ರ ನಿಂತಾಗ ಕೇಳಿ.

ಆಮೇಲೆ ನೂಲನ್ನು ಸಣ್ಣ ರೀಲಿನಿಂದ 1.5 ಮೀಟರ್ ಸುತ್ತಳತೆಯ ದೊಡ್ಡ ರೀಲಿಗೆ ಸುತ್ತಿ ಲಡಿ ಮಾಡುತ್ತಾರೆ. ಒಂದು ಕಿಲೋ ನೂಲಿಗೆ ಬೈವೋಲ್ಟೀನ್ ಗೂಡು 6ರಿಂದ 6.5 ಕಿಲೋ, ಮಿಶ್ರತಳಿಯಾದರೆ 7ರಿಂದ 8 ಕಿಲೋ ಬೇಕು. ಈ ಲೆಕ್ಕ ತಿಳಿದಿದ್ದರೆ ರೀಲರ್‌ಗಳ ಮಾತು ಸುಲಭವಾಗಿ ಅರ್ಥವಾಗುತ್ತದೆ.

ನೆಲ ಯಾವಾಗಲೂ ಒದ್ದೆ, ಹಿಡಿತವಿರುವ ಚಪ್ಪಲಿ ಹಾಕಿಕೊಳ್ಳಿ. ದುಪಟ್ಟಾ, ಬಿಟ್ಟ ಕೂದಲು ಕಟ್ಟಿಕೊಳ್ಳಿ. ಬೆಂದ ಕೋಶದ ವಾಸನೆ ಜೋರು, ಅಭ್ಯಾಸವಿಲ್ಲದವರಿಗೆ ಹೊಟ್ಟೆ ತೊಳಸಬಹುದು. ಅದಕ್ಕೆ ತಿಂಡಿ ಹಗುರವಾಗಿರಲಿ, ಮುದ್ದೆ ಊಟ ಚಿಕ್ಕಬಳ್ಳಾಪುರ ತಲುಪಿದ ಮೇಲೆ.

ಊಟದ ನಂತರ ಮುದ್ದೇನಹಳ್ಳಿ. ಸರ್ ಎಂ. ವಿಶ್ವೇಶ್ವರಯ್ಯನವರ ಮನೆಯ ವಸ್ತುಸಂಗ್ರಹಾಲಯ ಮತ್ತು ಸಮಾಧಿಗೆ ಮುಕ್ಕಾಲು ಗಂಟೆ ಸಾಕು.

ಉಳಿದ ಹೊತ್ತೆಲ್ಲ ನಂದಿ ಗ್ರಾಮದ ಭೋಗನಂದೀಶ್ವರನಿಗಿರಲಿ. ನಾಲ್ಕರೊಳಗೆ ತಲುಪಿ. ಇದರ ಮೂಲ 9ನೇ ಶತಮಾನದ್ದು. ಅರುಣಾಚಲೇಶ್ವರ, ಭೋಗನಂದೀಶ್ವರ ಗುಡಿಗಳು ಅಕ್ಕಪಕ್ಕ, ನಡುವೆ ಪುಟ್ಟ ಉಮಾಮಹೇಶ್ವರ. ಅದರ ಮುಂದಿನ ಕಲ್ಯಾಣ ಮಂಟಪದ ಕರಿಕಲ್ಲಿನ ಕಂಬಗಳಲ್ಲಿ ಬಳ್ಳಿ, ಹಕ್ಕಿಗಳ ಕೆತ್ತನೆ ಬಲು ಸೂಕ್ಷ್ಮ. ಕಲ್ಲಿನ ಜಾಲಂಧ್ರಗಳನ್ನು ಹೊರಗಿನಿಂದಲೂ ಒಂದು ಸುತ್ತು ಬಂದು ನೋಡಿ. ಶೃಂಗಿ ತೀರ್ಥದ ಕಲ್ಯಾಣಿಗೆ ಕೊನೆಗೆ ಹೋಗಿ, ಆ ಹೊತ್ತಿಗೆ ಬಿಸಿಲಿನಲ್ಲಿ ಕಾದ ಕಲ್ಲು ಬರಿಗಾಲಿಗೆ ಹಿತವಾಗಿರುತ್ತದೆ.

ನಂದಿಬೆಟ್ಟವನ್ನು ಇದೇ ದಿನಕ್ಕೆ ತುರುಕಬೇಡಿ. ವಾರಾಂತ್ಯದಲ್ಲಿ ಮೇಲೆ ಹೋಗುವ ವಾಹನಗಳಿಗೆ ನಿರ್ಬಂಧವಿರುವುದುಂಟು, ಸಂಜೆ ಬೇಗ ಕೆಳಗೂ ಇಳಿಸುತ್ತಾರೆ. ಬೇಕಿದ್ದರೆ ಅಂದು ರಾತ್ರಿ ಚಿಕ್ಕಬಳ್ಳಾಪುರದಲ್ಲೇ ಉಳಿದು, ರೇಷ್ಮೆ ನೋಡಿದ ಮರುದಿನ ಬೆಟ್ಟ ಹತ್ತಿ. ಫೆಬ್ರವರಿಯಿಂದ ಏಪ್ರಿಲ್ ನಡುವೆ ಬಂದರೆ ದಾರಿ ಬದಿಯಲ್ಲಿ ಬೆಂಗಳೂರು ಬ್ಲೂ ದ್ರಾಕ್ಷಿ ಸಿಗುತ್ತದೆ. ಸಿಪ್ಪೆ ಬೇಗ ಒಡೆಯುವ ಹಣ್ಣು ಅದು, ಡಿಕ್ಕಿಯಲ್ಲಿ ಸಾಮಾನಿನ ಕೆಳಗಿಡದೆ ಮಡಿಲಲ್ಲಿಟ್ಟುಕೊಂಡು ಹೋಗಿ.