ಮೈಲೇಜ್ ಬಿದ್ದ ಪೆಟ್ರೋಲ್ ಕಾರು: ನಾನು ಹುಡುಕುವ ಕ್ರಮ

ಮೈಲೇಜ್ ಕಡಿಮೆಯಾಗಿದೆ ಎಂದು ಬರುವ ಕಾರಿಗೆ ನಾನು ಹೊಸದಾಗಿ ಯಾವ ಸಾಧನವನ್ನೂ ಅಳವಡಿಸುವುದಿಲ್ಲ. ಪೆಟ್ರೋಲ್ ಪೈಪಿಗೆ ಕಟ್ಟುವ ಅಯಸ್ಕಾಂತದಂಥವು ಪೂರ್ತಿ ದಂಡ. ಇಂಧನ ಉಳಿಸುವ ವ್ಯವಸ್ಥೆ ಕಾರಿನೊಳಗೇ ಇದೆ: ಒಳಬರುವ ಗಾಳಿಯನ್ನೂ ಹೊಗೆಯಲ್ಲಿ ಉಳಿದ ಆಕ್ಸಿಜನ್ನನ್ನೂ ಅಳೆಯುವ ಸೆನ್ಸರ್‌ಗಳು, ಅವನ್ನು ಓದಿ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಎಷ್ಟು ಮಿಲಿಸೆಕೆಂಡ್ ತೆರೆದಿರಬೇಕೆಂದು ನಿರ್ಧರಿಸುವ ಕಂಪ್ಯೂಟರ್, ಅಂದರೆ ಇಸಿಯು. ಇಸಿಯುಗೆ ಎಲ್ಲೋ ತಪ್ಪು ಮಾಹಿತಿ ಹೋಗುತ್ತಿರುತ್ತದೆ, ಇಲ್ಲವೇ ಚಕ್ರದ ಕಡೆ ಏನೋ ಹಿಡಿದುಕೊಂಡಿರುತ್ತದೆ.

ಮೊದಲು ಅಳತೆ. ಡ್ಯಾಶ್‌ಬೋರ್ಡಿನ ಸರಾಸರಿ ಬರೀ ಅಂದಾಜು, ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಟ್ಯಾಂಕ್ ತುಂಬುವಾಗ ನಾಝಲ್ ತಾನಾಗಿ ಕಟ್ ಆದೊಡನೆ ನಿಲ್ಲಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ, ಕನಿಷ್ಠ 300 ಕಿ.ಮೀ. ಓಡಿಸಿ, ಅದೇ ಪಂಪಿನಲ್ಲಿ ಮತ್ತೆ ತುಂಬಿಸಿ, ಓಡಿದ ಕಿಲೋಮೀಟರನ್ನು ಹಿಡಿದ ಲೀಟರಿನಿಂದ ಭಾಗಿಸುತ್ತೇನೆ. ಕಟ್ ಆದ ಮೇಲೂ ಒತ್ತಿ ತುಂಬಿಸಿದರೆ ಲೆಕ್ಕ ಕೆಡುವುದಷ್ಟೇ ಅಲ್ಲ, ಆವಿ ಹೀರುವ ಇದ್ದಿಲಿನ ಕ್ಯಾನಿಸ್ಟರಿಗೆ ಪೆಟ್ರೋಲೇ ನುಗ್ಗಿ ಅದು ಹಾಳಾಗುತ್ತದೆ. ದಿನಾ ನಾಲ್ಕೈದು ಕಿಲೋಮೀಟರ್ ಮಾತ್ರ ಓಡುವ ಕಾರಿನಲ್ಲಿ ದೋಷವೇ ಇರದಿರಬಹುದು. ತಣ್ಣನೆಯ ಎಂಜಿನ್ ಹೆಚ್ಚು ಕುಡಿಯುವುದು ಸಹಜ.

ಆಮೇಲೆ ಒಬಿಡಿ ಸ್ಕ್ಯಾನರ್, ಅಂದರೆ ಇಸಿಯುವಿನ ಓದುಗಳನ್ನು ತೋರಿಸುವ ಸಾಧನ. ಮೊದಲು ನೋಡುವುದು ಎಂಜಿನ್ ತಣಿಸುವ ದ್ರವದ, ಅಂದರೆ ಕೂಲೆಂಟಿನ ತಾಪ. ಹೆಚ್ಚಿನ ಎಂಜಿನ್‌ಗಳಲ್ಲಿ ಆ ದ್ರವವನ್ನು ರೇಡಿಯೇಟರಿಗೆ ಬಿಡುವ ಥರ್ಮೋಸ್ಟಾಟ್ ವಾಲ್ವ್ 82ರಿಂದ 90 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ತೆರೆಯುತ್ತದೆ. ಹದಿನೈದು ನಿಮಿಷ ಓಡಿದ ಮೇಲೂ ತಾಪ 70ರ ಆಸುಪಾಸಿನಲ್ಲೇ ಇದ್ದರೆ, ವೇಗವಾಗಿ ಹೋದಾಗ ಇನ್ನೂ ಇಳಿದರೆ, ಥರ್ಮೋಸ್ಟಾಟ್ ತೆರೆದೇ ಸಿಕ್ಕಿಕೊಂಡಿದೆ ಎಂದೇ ಅರ್ಥ. ಎಂಜಿನ್ ಇನ್ನೂ ಬಿಸಿಯಾಗಿಲ್ಲ ಎಂದು ಇಸಿಯು ಹೆಚ್ಚು ಪೆಟ್ರೋಲ್ ಕೊಡುತ್ತಿರಬಹುದು. ಜೊತೆಗೆ ತಣ್ಣನೆಯ, ದಪ್ಪ ಆಯಿಲ್ ಎಂಜಿನ್ನನ್ನು ತಡೆಯುತ್ತದೆ. ಕೆಲವರು ಎಂಜಿನ್ ಕಾಯದಿರಲಿ ಎಂದು ಥರ್ಮೋಸ್ಟಾಟನ್ನೇ ತೆಗೆಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಮುಂದಿನದು ಫ್ಯುಯೆಲ್ ಟ್ರಿಮ್, ನನ್ನ ಹೆಚ್ಚಿನ ಸಮಯ ಹೋಗುವುದು ಇಲ್ಲೇ. ಎಥನಾಲ್ ಬೆರೆಸದ ಪೆಟ್ರೋಲಿನ ಒಂದು ಪಾಲಿಗೆ ಬೇಕಾದ ಗಾಳಿಯ ಪ್ರಮಾಣ ತೂಕದಲ್ಲಿ ಸುಮಾರು 14.7 ಪಾಲು. ಅದನ್ನು ಕಾಯ್ದುಕೊಳ್ಳಲು ಇಸಿಯು ತನ್ನ ಮೂಲ ಲೆಕ್ಕವನ್ನು ಎಷ್ಟು ತಿದ್ದುತ್ತಿದೆ ಎಂಬುದೇ ಟ್ರಿಮ್. ಪ್ಲಸ್ ಎಂದರೆ ಪೆಟ್ರೋಲ್ ಹೆಚ್ಚಿಸುತ್ತಿದೆ, ಮೈನಸ್ ಎಂದರೆ ಕಡಿತ ಮಾಡುತ್ತಿದೆ. ಆ ಕ್ಷಣದ ತಿದ್ದುಪಡಿ ಶಾರ್ಟ್, ಕಲಿತು ಉಳಿಸಿಕೊಂಡದ್ದು ಲಾಂಗ್; ಎರಡನ್ನೂ ಕೂಡಿಸಿ ಓದಬೇಕು. ಮೊತ್ತ ಶೇ. 5ರೊಳಗೆ ಇದ್ದರೆ ಸರಿ, 10 ದಾಟಿದರೆ ಹುಡುಕಬೇಕು. ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ) ಪ್ಲಸ್ ಹೆಚ್ಚಿದ್ದು 2,500 ಆರ್‌ಪಿಎಂನಲ್ಲಿ ಸರಿಹೋದರೆ ಇಂಟೇಕ್ ಕಡೆ, ಅಂದರೆ ಗಾಳಿ ಒಳಬರುವ ದಾರಿಯಲ್ಲಿ, ಅಳತೆಗೆ ಸಿಗದ ಗಾಳಿ ನುಸುಳುತ್ತಿದೆ. ಲೋಡ್ ಏರಿದಂತೆ ಪ್ಲಸ್ ಕೂಡ ಏರಿದರೆ ಒಳಬರುವ ಗಾಳಿ ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್ ಕೊಳೆಯಾಗಿರಬಹುದು ಇಲ್ಲವೇ ಇಂಧನದ ಒತ್ತಡ ಕಡಿಮೆಯಿರಬಹುದು. ಆ ಸೆನ್ಸರಿಗೆ ಅದರದೇ ಕ್ಲೀನರ್ ಸ್ಪ್ರೇ ಬೇಕು. ಕಾರ್ಬ್ಯುರೇಟರ್ ಕ್ಲೀನರ್ ಹೊಡೆದರೆ ಸೆನ್ಸರ್ ಹಾಳಾಗಬಹುದು. ಮೈನಸ್ ಹೋದರೆ ಸೋರುವ ಇಂಜೆಕ್ಟರ್ ಅಥವಾ ಮುಚ್ಚದ ಪರ್ಜ್ ವಾಲ್ವ್ (ಕ್ಯಾನಿಸ್ಟರಿನ ಆವಿಯನ್ನು ಎಂಜಿನ್ನಿಗೆ ಬಿಡುವುದು) ಹುಡುಕುತ್ತೇನೆ, ಡಿಪ್‌ಸ್ಟಿಕ್ ಎಳೆದು ಆಯಿಲ್‌ನಲ್ಲಿ ಪೆಟ್ರೋಲ್ ವಾಸನೆ ಇದೆಯೇ ನೋಡುತ್ತೇನೆ.

ದಾರಿ ತಪ್ಪಿಸುವುದು ಇನ್ನೊಂದು ಬಗೆ: ಟ್ರಿಮ್ ಪ್ಲಸ್, ಆದರೆ ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಕಪ್ಪು ಮಸಿ. ಪ್ಲಗ್ ಹೇಳುವುದೇ ನಿಜ, ಪೆಟ್ರೋಲ್ ಹೆಚ್ಚಾಗಿಯೇ ಹೋಗುತ್ತಿದೆ. ಆಕ್ಸಿಜನ್ ಸೆನ್ಸರಿಗಿಂತ ಮೊದಲು ಎಂಜಿನ್ನಿನ ಹೊಗೆ ಒಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ (ಜೋಡಣೆಯ ಸೀಲು) ಸೋರುತ್ತಿದ್ದರೆ ಹೊರಗಿನ ಗಾಳಿ ಒಳಗೆ ಎಳೆದುಕೊಂಡು ಸೆನ್ಸರಿಗೆ ತಗಲುತ್ತದೆ. ಇಂಧನ ಸಾಲದು ಎಂದುಕೊಂಡ ಇಸಿಯು ಇನ್ನಷ್ಟು ಸುರಿಯುತ್ತದೆ. ಸೆನ್ಸರ್ ಬದಲಿಸಿದರೂ ಮೈಲೇಜ್ ಏರದಿರುವುದಕ್ಕೆ ಇದೇ ಕಾರಣವಾಗಿರಬಹುದು. ಹಾಗಾಗಿ ಗ್ಯಾಸ್ಕೆಟ್ ಸುತ್ತ ಮಸಿಯ ಗೆರೆ ಮೊದಲು ನೋಡಿ, ಸೆನ್ಸರ್ ಆಮೇಲೆ. ಹಳೆಯ ಮಾದರಿಯ (ನ್ಯಾರೋಬ್ಯಾಂಡ್) ಆಕ್ಸಿಜನ್ ಸೆನ್ಸರಿನ ಓದು ಸುಮಾರು 0.1ರಿಂದ 0.9 ವೋಲ್ಟ್ ನಡುವೆ ಚುರುಕಾಗಿ ಏರಿಳಿಯಬೇಕು. ಒಂದೇ ಕಡೆ ನಿಂತರೆ ಅಥವಾ ತೆವಳಿದರೆ ಅನುಮಾನ.

ಏರ್ ಫಿಲ್ಟರ್ ಬಗ್ಗೆ ಒಂದು ಮಾತು. ಇಂಜೆಕ್ಷನ್ ಕಾರಿನಲ್ಲಿ ಕೊಳೆಯಾದ ಫಿಲ್ಟರಿನಿಂದ ಎಳೆಯುವ ಶಕ್ತಿ ಕುಗ್ಗುತ್ತದೆ, ಮೈಲೇಜ್ ಹೆಚ್ಚೇನೂ ಬದಲಾಗದು.

ಇನ್ನು ಚಕ್ರ. ಟೈರ್ ತಣ್ಣಗಿರುವಾಗ ಬಾಗಿಲ ಕಂಬದ ಸ್ಟಿಕ್ಕರಿನಲ್ಲಿರುವಷ್ಟು ಗಾಳಿ ಹಾಕಬೇಕು. ಟೈರಿನ ಪಕ್ಕದ ಮೇಲೆ ಬರೆದಿರುವುದು ಗರಿಷ್ಠ ಒತ್ತಡ. ನಾಲ್ಕೂ ಟೈರಿನ ಸರಾಸರಿ 1 ಪಿಎಸ್‌ಐ ಇಳಿದರೆ ಮೈಲೇಜ್ ಸುಮಾರು ಶೇ. 0.2 ಇಳಿಯುತ್ತದೆ. ಬ್ರೇಕ್ ಹಿಡಿದಿದ್ದರೆ ನಷ್ಟ ಅದಕ್ಕಿಂತ ದೊಡ್ಡದು. ಬ್ರೇಕ್ ಹೆಚ್ಚು ಒತ್ತದೆ ಒಂದಷ್ಟು ಓಡಿಸಿ ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಎಡಬಲದ ಡಿಸ್ಕ್‌ಗಳನ್ನು ಹೋಲಿಸುತ್ತೇನೆ. ಒಂದು ಎದ್ದು ಕಾಣುವಷ್ಟು ಬಿಸಿಯಿದ್ದರೆ ಜಾಕ್ ಹಾಕಿ ಚಕ್ರ ತಿರುಗಿಸಿ, ಬಿಗಿಯಿದ್ದಾಗ ಬ್ರೇಕ್ ಆಯಿಲ್ ಹೊರಬಿಡುವ ಬ್ಲೀಡರ್ ಸ್ಕ್ರೂ ಸಡಿಲಿಸುತ್ತೇನೆ. ಆಗ ಚಕ್ರ ಸಡಿಲವಾದರೆ ಬ್ರೇಕ್ ಹೋಸ್ ಒಳಗೆ ಊದಿಕೊಂಡು ಒತ್ತಡ ಉಳಿದಿದೆ, ಇಲ್ಲವೇ ಪೆಡಲಿನ ಒತ್ತಡ ಕಳಿಸುವ ಮಾಸ್ಟರ್ ಸಿಲಿಂಡರ್ ಅದನ್ನು ಬಿಡುತ್ತಿಲ್ಲ. ಸಡಿಲವಾಗದಿದ್ದರೆ ಬ್ರೇಕ್ ಪ್ಯಾಡ್ ಒತ್ತುವ ಕ್ಯಾಲಿಪರಿನ ಪಿಸ್ಟನ್, ಅಥವಾ ಕ್ಯಾಲಿಪರ್ ಜಾರುವ ಸ್ಲೈಡ್ ಪಿನ್ ಜಾಮ್. ಪಿನ್ನಿಗೆ ಸಿಲಿಕೋನ್ ಗ್ರೀಸ್ ಹಾಕಿ. ಸಾಮಾನ್ಯ ಗ್ರೀಸ್ ರಬ್ಬರ್ ಬೂಟನ್ನು ಉಬ್ಬಿಸುತ್ತದೆ.

ಆಯಿಲ್ ಕೈಪಿಡಿಯಲ್ಲಿ ಹೇಳಿದ ಗ್ರೇಡಿನದೇ ಇರಲಿ. 0ಡಬ್ಲ್ಯೂ-20 ಎಂಬ ತೆಳು ಆಯಿಲ್ ಕೇಳುವ ಎಂಜಿನ್ನಿಗೆ ದಪ್ಪ ಆಯಿಲ್ ಹಾಕಿದರೆ ಮೈಲೇಜ್ ಇಳಿಯುತ್ತದೆ. ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಬೇಡಿ: ಗೇರಿನಲ್ಲೇ ಇದ್ದು ಆಕ್ಸಿಲರೇಟರ್ ಬಿಟ್ಟರೆ ಇಸಿಯು ಇಂಜೆಕ್ಟರ್‌ಗಳನ್ನು ಪೂರ್ತಿ ಮುಚ್ಚುತ್ತದೆ, ನ್ಯೂಟ್ರಲ್‌ನಲ್ಲಿ ಐಡಲ್‌ಗಾಗಿ ಪೆಟ್ರೋಲ್ ಉರಿಯುತ್ತಲೇ ಇರುತ್ತದೆ. ಸ್ಟಾರ್ಟ್-ಸ್ಟಾಪ್ (ಸಿಗ್ನಲಿನಲ್ಲಿ ಎಂಜಿನ್ ತಾನಾಗಿ ನಿಂತು ಮತ್ತೆ ಶುರುವಾಗುವ ವ್ಯವಸ್ಥೆ) ಇರುವ ಕಾರಿನ ಬ್ಯಾಟರಿ ಬದಲಿಸುವಾಗ ಮೊದಲಿದ್ದಂತೆ ಇಎಫ್‌ಬಿ ಅಥವಾ ಎಜಿಎಂ ಎಂಬ ವಿಶೇಷ ಬಗೆಯದೇ ಹಾಕಿ. ಸಾಧಾರಣ ಬ್ಯಾಟರಿ ಪದೇಪದೇ ಸ್ಟಾರ್ಟ್ ಮಾಡುವುದನ್ನು ತಾಳದೆ ಬೇಗ ಸೋಲುತ್ತದೆ, ಚಾರ್ಜ್ ಸಾಲದಾದಾಗ ಎಂಜಿನ್ ಸಿಗ್ನಲಿನಲ್ಲಿ ನಿಲ್ಲುವುದನ್ನೇ ಬಿಡುತ್ತದೆ. ಕೆಲವು ಕಾರುಗಳಲ್ಲಿ ಹೊಸ ಬ್ಯಾಟರಿಯನ್ನು ಸ್ಕ್ಯಾನರಿನಿಂದ ನೋಂದಾಯಿಸಲೂ ಬೇಕು.