ಸೇನೆಯ ಉಗ್ರಾಣದಿಂದ ಇತಿಹಾಸ ವಿಭಾಗಕ್ಕೆ: ಕಾರ್ಯಕ್ರಮವನ್ನು ನಾನು ಆರಿಸಿಕೊಂಡ ಬಗೆ

ಅಮೆರಿಕದ ಸೇನೆಯಿಂದ ಬಿಡುಗಡೆ ಪಡೆದು ಮುಂದೆ ಓದಬೇಕೆಂದವರಿಗೆ ಸಿಗುವ ಸಲಹೆಗಳೆಲ್ಲ ಸಾಮಾನ್ಯವಾಗಿ ಜಿಐ ಬಿಲ್ ಸುತ್ತಲೇ, ಅಂದರೆ ಮಾಜಿ ಸೈನಿಕರ ಓದಿಗೆ ಸರಕಾರ ಹಣ ಕೊಡುವ ಯೋಜನೆಯ ಸುತ್ತಲೇ, ಇರುತ್ತವೆ. ಯಾವ ವಿಶ್ವವಿದ್ಯಾಲಯದಲ್ಲಿ ಶುಲ್ಕ ಪೂರ್ತಿ ಸಂದಾಯವಾಗುತ್ತದೆ, ಯಾವ ಊರಿನಲ್ಲಿ ವಸತಿ ಭತ್ಯೆ ಹೆಚ್ಚು, ಯಾವ ಪದವಿ ಬೇಗ ಕೈಗೆ ಬರುತ್ತದೆ ಎಂಬ ಲೆಕ್ಕಾಚಾರ ಮುಗಿಯುವ ಹೊತ್ತಿಗೆ ಏನನ್ನು ಓದಬೇಕೆಂಬ ಮಾತೇ ಹಿಂದೆ ಸರಿದಿರುತ್ತದೆ. ಬೇರೆ ವಿಷಯಗಳಿಗೆ ಈ ಕ್ರಮ ಒಗ್ಗಬಹುದು. ಇತಿಹಾಸದ ಉನ್ನತ ವ್ಯಾಸಂಗಕ್ಕೆ ಅದು ಒಗ್ಗದೆಂದು ನನಗೆ ಅನ್ನಿಸಿದ್ದರಿಂದ ಲೆಕ್ಕವನ್ನು ಕೊನೆಗಿಟ್ಟುಕೊಂಡೆ; ನನ್ನ ಪ್ರಶ್ನೆ ಯಾವುದು, ಅದಕ್ಕೆ ಬೇಕಾದ ಕಾಗದಪತ್ರಗಳು ಎಲ್ಲಿವೆ, ಅವುಗಳನ್ನು ಓದುವುದನ್ನು ಕಲಿಸಬಲ್ಲವರು ಯಾರು ಎಂಬುದರಿಂದ ಹುಡುಕಾಟವನ್ನು ಆರಂಭಿಸಿದೆ.

ಸೇನೆಯಲ್ಲಿ ನಾನು ಸರಬರಾಜು ವಿಭಾಗದ ಸಾರ್ಜೆಂಟ್ ಆಗಿದ್ದೆ. ಬಿ.ಎ. ಪದವಿಯನ್ನು ಸೇವೆಯಲ್ಲಿದ್ದಾಗಲೇ, ಸೇನೆ ನೀಡುವ ಟ್ಯೂಷನ್ ಅಸಿಸ್ಟೆನ್ಸ್ ನೆರವಿನಿಂದ, ಬಹುಪಾಲು ಆನ್‌ಲೈನ್ ತರಗತಿಗಳಲ್ಲಿ ಮುಗಿಸಿದ್ದೆ. ನನ್ನಂಥವರಲ್ಲಿ ಅನೇಕರು ಇತಿಹಾಸವನ್ನು ಆರಿಸಿಕೊಳ್ಳುವಾಗ ತಾವೇ ಭಾಗವಹಿಸಿದ ಇರಾಕ್ ಅಥವಾ ಅಫ್ಘಾನಿಸ್ತಾನದ ಯುದ್ಧವನ್ನು ಕುರಿತು ಬರೆಯಲು ಬಯಸುತ್ತಾರೆ. ಆ ಆಸೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಅಮೆರಿಕ ಸರಕಾರದ ಗೋಪ್ಯ ದಾಖಲೆಗಳು ಸಾಮಾನ್ಯ ನಿಯಮದಂತೆ 25 ವರ್ಷ ತುಂಬಿದ ಮೇಲಷ್ಟೇ ತಾವಾಗಿ ಗೋಪ್ಯತೆಯಿಂದ ಹೊರಬರುತ್ತವೆ, ಅದರಲ್ಲೂ ವಿನಾಯಿತಿಗಳಿವೆ. ಆದುದರಿಂದ ಈಚಿನ ಯುದ್ಧವನ್ನು ಆರಿಸಿಕೊಂಡವರು ಸಂದರ್ಶನಗಳನ್ನೂ ಪ್ರಕಟಿತ ವರದಿಗಳನ್ನೂ ನೆಚ್ಚಿಕೊಳ್ಳಬೇಕಾಗುತ್ತದೆ. ಅದರ ಜೊತೆಗೆ, ತರಗತಿಯಲ್ಲಿ ಪ್ರತಿ ಚರ್ಚೆಗೂ ನನ್ನ ಸ್ವಂತ ನೆನಪೇ ಸಾಕ್ಷಿಯಾಗಿ ನಿಲ್ಲುವುದು ನನಗೆ ಬೇಕಿರಲಿಲ್ಲ.

ನನ್ನ ಪ್ರಶ್ನೆ ಎರಡನೆಯ ಮಹಾಯುದ್ಧದ ಚೀನಾ-ಬರ್ಮಾ-ಭಾರತ ರಣರಂಗಕ್ಕೆ ಸೇರಿದ್ದು. 1942ರಲ್ಲಿ ಜಪಾನಿ ಸೇನೆ ಬರ್ಮಾವನ್ನು ವಶಪಡಿಸಿಕೊಂಡು ಚೀನಾಕ್ಕೆ ಹೋಗುವ ನೆಲಮಾರ್ಗವನ್ನು ಮುಚ್ಚಿದ ಮೇಲೆ, ಅಸ್ಸಾಮಿನ ಲೇಡೊದಿಂದ ಕಾಡು ಬೆಟ್ಟಗಳ ನಡುವೆ ಹೊಸ ರಸ್ತೆ ಕಡಿಯುವ ಹೊಣೆ ಅಮೆರಿಕದ ಸೇನೆಯ ಮೇಲೆ ಬಿತ್ತು. 1942ರ ಡಿಸೆಂಬರಿನಲ್ಲಿ ಅಮೆರಿಕನ್ ಎಂಜಿನಿಯರುಗಳು ಕೈಹಚ್ಚಿದ ಆ ಕೆಲಸ ಮುಗಿದು ಮೊದಲ ಲಾರಿಗಳ ಸಾಲು ಲೇಡೊ ಬಿಟ್ಟದ್ದು 1945ರ ಜನವರಿಯಲ್ಲಿ. ಅಲ್ಲಿ ದುಡಿದ ಸುಮಾರು 15,000 ಅಮೆರಿಕನ್ ಸೈನಿಕರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಆಫ್ರಿಕನ್ ಅಮೆರಿಕನ್ನರು. ಅವರ ಜೊತೆಗೆ ಚಹಾ ತೋಟಗಳಿಂದ ಕರೆತಂದವರೂ ಸೇರಿದಂತೆ ದೊಡ್ಡ ಸಂಖ್ಯೆಯ ಸ್ಥಳೀಯ ಕೂಲಿಗಳಿದ್ದರು. ಈ ಕೂಲಿಗಳ ಪಡಿತರ ಯಾರ ಉಗ್ರಾಣದಿಂದ ಬರುತ್ತಿತ್ತು, ಅವರ ಲೆಕ್ಕವನ್ನು ಯಾವ ಸೇನೆ ಬರೆಯುತ್ತಿತ್ತು ಎಂಬುದು ನನ್ನ ಕುತೂಹಲ. ಉಗ್ರಾಣದ ಲೆಕ್ಕ ಬರೆದವನಿಗೆ ಸಹಜವಾಗಿ ಹುಟ್ಟುವ ಪ್ರಶ್ನೆಯೇ ಇದು. ಸೇನೆಯ ಅನುಭವ ಪ್ರಶ್ನೆಯನ್ನು ಹುಟ್ಟಿಸಿದರೆ ಸಾಕು, ಉತ್ತರವನ್ನು ಅದು ಕೊಡಬೇಕಾಗಿಲ್ಲ ಎಂಬ ನಿಲುವು ನನಗೆ ಆಗಲೇ ಮೂಡಿತ್ತು.

ಪ್ರಶ್ನೆ ಇಷ್ಟು ಖಚಿತವಾದ ಮೇಲೆ ಪತ್ರಾಗಾರಗಳ ವಿಷಯ ತಾನಾಗಿ ಸ್ಪಷ್ಟವಾಯಿತು. ಆ ರಣರಂಗದ ಅಮೆರಿಕನ್ ಪಡೆಗಳ ಕಡತಗಳು ಮೇರಿಲ್ಯಾಂಡಿನ ಕಾಲೇಜ್ ಪಾರ್ಕ್‌ನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ 493ನೆಯ ದಾಖಲೆ ಸಮೂಹವಾಗಿ ಸೇರಿವೆ. ಸೈನಿಕರ ಖಾಸಗಿ ಪತ್ರಗಳು, ದಿನಚರಿಗಳು ಪೆನ್ಸಿಲ್ವೇನಿಯದ ಕಾರ್ಲೈಲ್‌ನಲ್ಲಿರುವ ಸೇನೆಯ ಪರಂಪರೆ ಮತ್ತು ಶಿಕ್ಷಣ ಕೇಂದ್ರದಲ್ಲಿವೆ. ಬ್ರಿಟಿಷ್ ಭಾರತ ಸರಕಾರದ ಕಡೆಯ ಪತ್ರವ್ಯವಹಾರಕ್ಕೆ ಲಂಡನ್ನಿನ ಬ್ರಿಟಿಷ್ ಲೈಬ್ರರಿಗೂ ದೆಹಲಿಯ ರಾಷ್ಟ್ರೀಯ ಪತ್ರಾಗಾರಕ್ಕೂ ಹೋಗಬೇಕು. ಸೇಂಟ್ ಲೂಯಿಸ್‌ನ ಸಿಬ್ಬಂದಿ ದಾಖಲೆ ಕೇಂದ್ರದಲ್ಲಿ 1973ರ ಜುಲೈನಲ್ಲಿ ಸಂಭವಿಸಿದ ಬೆಂಕಿ ಅನಾಹುತದಲ್ಲಿ 1912ರಿಂದ 1960ರ ನಡುವೆ ಬಿಡುಗಡೆಯಾದ ಸೇನಾ ಸಿಬ್ಬಂದಿಯ ವೈಯಕ್ತಿಕ ಕಡತಗಳಲ್ಲಿ ಸುಮಾರು ಶೇ. 80ರಷ್ಟು ನಾಶವಾಗಿರುವುದರಿಂದ, ಒಬ್ಬೊಬ್ಬ ಸೈನಿಕನ ಜಾಡನ್ನು ಅಲ್ಲಿ ಹಿಡಿದು ಹೋಗುವ ಆಸೆಯನ್ನು ಬಿಟ್ಟು, ತುಕಡಿಗಳ ದಾಖಲೆಗಳ ಮೇಲೆ ನಿಲ್ಲುವ ವಿಧಾನವನ್ನೇ ಕಲಿಯಬೇಕಿತ್ತು. ಇದನ್ನೆಲ್ಲ ಅರ್ಜಿ ಹಾಕುವ ಮೊದಲೇ ತಿಳಿದುಕೊಂಡದ್ದರಿಂದ ಪ್ರತಿ ವಿಭಾಗಕ್ಕೂ ನಾನು ಕೇಳಬೇಕಾದ ಒಂದು ಪ್ರಶ್ನೆ ಸಿದ್ಧವಾಯಿತು: ಸಂಶೋಧನಾ ಪ್ರವಾಸಕ್ಕೆ ವಿಭಾಗದ ಹಣ ಎಷ್ಟಿದೆ, ಯಾವ ವರ್ಷದಿಂದ ಸಿಗುತ್ತದೆ? ಜಿಐ ಬಿಲ್ ತರಗತಿಯ ಶುಲ್ಕವನ್ನು ಕೊಡುತ್ತದೆ, ಲಂಡನ್ನಿನ ವಿಮಾನ ಟಿಕೆಟನ್ನು ಕೊಡುವುದಿಲ್ಲ.

ವಿಭಾಗಗಳ ಪಟ್ಟಿಯನ್ನು ಸೊಸೈಟಿ ಫಾರ್ ಮಿಲಿಟರಿ ಹಿಸ್ಟರಿಯ ಮಾಹಿತಿಯಿಂದಲೂ ಅಮೆರಿಕನ್ ಹಿಸ್ಟಾರಿಕಲ್ ಅಸೋಸಿಯೇಷನ್ನಿನ ವಿಭಾಗಗಳ ಕೈಪಿಡಿಯಿಂದಲೂ ತಯಾರಿಸಿದೆ. ಯುದ್ಧದ ಇತಿಹಾಸಕ್ಕೆ ಓಹಾಯೊ ಸ್ಟೇಟ್, ಟೆಂಪಲ್, ಸದರ್ನ್ ಮಿಸಿಸಿಪಿ, ನಾರ್ತ್ ಟೆಕ್ಸಾಸ್ ವಿಶ್ವವಿದ್ಯಾಲಯಗಳ ಹೆಸರು ಎಲ್ಲೆಡೆ ಕೇಳಿಬರುತ್ತದೆ. ಉತ್ತರ ಕೆರೊಲಿನಾದಲ್ಲಿ ಡ್ಯೂಕ್ ಮತ್ತು ಚಾಪೆಲ್ ಹಿಲ್ ಈ ಕ್ಷೇತ್ರದಲ್ಲಿ ಬಹುಕಾಲ ಜೊತೆಯಾಗಿ ದುಡಿದಿವೆ. ಆದರೆ ನನ್ನ ವಿಷಯಕ್ಕೆ ಯುದ್ಧೇತಿಹಾಸ ಒಂದೇ ಸಾಲದು. ದಕ್ಷಿಣ ಏಷ್ಯಾದ ಇತಿಹಾಸ ಬಲ್ಲವರಿಲ್ಲದ ಕಡೆ ಲೇಡೊ ರಸ್ತೆ ಬರಿಯ ಎಂಜಿನಿಯರಿಂಗ್ ಸಾಹಸವಾಗಿ ಉಳಿಯುತ್ತದೆ, ದಕ್ಷಿಣ ಏಷ್ಯಾದವರು ಮಾತ್ರ ಇರುವ ಕಡೆ ಸೇನೆಯ ಕಡತಗಳನ್ನು ಓದುವ ಪಳಗಿಕೆ ಸಿಗುವುದಿಲ್ಲ. ಈ ಎರಡೂ ಕ್ಷೇತ್ರಗಳಲ್ಲಿ ಒಬ್ಬೊಬ್ಬರಾದರೂ ಕಾಯಂ ಅಧ್ಯಾಪಕರಿರುವ, ಅವರು ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತಿರುವ ವಿಭಾಗಗಳನ್ನಷ್ಟೇ ಉಳಿಸಿಕೊಂಡಾಗ ಪಟ್ಟಿ ತಾನೇ ಕಿರಿದಾಯಿತು. ಆನ್‌ಲೈನ್ ಎಂ.ಎ.ಗಳನ್ನು, ಉದಾಹರಣೆಗೆ ನಾರ್ವಿಚ್ ಅಥವಾ ಅಮೆರಿಕನ್ ಮಿಲಿಟರಿ ವಿಶ್ವವಿದ್ಯಾಲಯದವನ್ನು, ಉದ್ಯೋಗದಲ್ಲಿದ್ದುಕೊಂಡೇ ಓದಬೇಕಾದವರು ಪರಿಶೀಲಿಸಬಹುದು; ನನಗೆ ಎದುರು ಕುಳಿತು ವಾದಿಸುವ ಸೆಮಿನಾರ್ ಬೇಕಿತ್ತು.

ಅಧ್ಯಾಪಕರಿಗೆ ಬರೆದ ಪತ್ರಗಳನ್ನು ಚಿಕ್ಕದಾಗಿಟ್ಟೆ: ಪ್ರಶ್ನೆ ಏನು, ಅವರ ಯಾವ ಬರಹದಿಂದ ಅದಕ್ಕೆ ಬೆಳಕು ಸಿಕ್ಕಿತು, ಮುಂದಿನ ವರ್ಷ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವರೇ, ಇಷ್ಟೆ. ಉತ್ತರ ಬಾರದಿರುವುದೂ ಒಂದು ಉತ್ತರವೆಂದು ತಿಳಿದೆ. ಅಧ್ಯಾಪಕರಿಗಿಂತ ಹೆಚ್ಚು ಉಪಯೋಗವಾದದ್ದು ಅವರ ಈಗಿನ ವಿದ್ಯಾರ್ಥಿಗಳೊಡನೆ ಆಡಿದ ಮಾತು. ಪ್ರಬಂಧದ ಅಧ್ಯಾಯವನ್ನು ಮಾರ್ಗದರ್ಶಕರು ಎಷ್ಟು ದಿನದಲ್ಲಿ ಓದಿ ಹಿಂದಿರುಗಿಸುತ್ತಾರೆ, ಆರನೆಯ ವರ್ಷಕ್ಕೆ ಬಂದವರು ಹೇಗೆ ಜೀವನ ಸಾಗಿಸುತ್ತಿದ್ದಾರೆ, ಮುಗಿಸಿದವರು ಎಲ್ಲಿದ್ದಾರೆ ಎಂದು ಕೇಳಿದೆ. ಮಾಜಿ ಸೈನಿಕರನ್ನು ವಿಭಾಗದಲ್ಲಿ ಹೇಗೆ ಕಾಣುತ್ತಾರೆ ಎಂದೂ ಕೇಳುತ್ತಿದ್ದೆ. ಒಂದು ಕಡೆ ಸಿಕ್ಕ ಉತ್ತರ, ಯುದ್ಧದ ಮಾತು ಬಂದಾಗಲೆಲ್ಲ ತರಗತಿಯ ಕಣ್ಣುಗಳೆಲ್ಲ ಅವರತ್ತ ತಿರುಗುತ್ತವೆ ಎಂದಾಗಿತ್ತು. ಇನ್ನೊಂದು ಕಡೆ ಆ ಪ್ರಶ್ನೆಯೇ ಅವರಿಗೆ ಹೊಸದಾಗಿ ಕಂಡಿತು, ಅದು ನನಗೆ ಹೆಚ್ಚು ಹಿಡಿಸಿತು.

ಅರ್ಜಿಯ ವಿಷಯದಲ್ಲಿ ಸೈನಿಕ ಜೀವನದಿಂದ ಬಂದವರಿಗೆ ವಿಶೇಷ ತೊಡಕುಗಳಿವೆ. ನಾವು ಬರೆಯಲು ಕಲಿತದ್ದು ಮೊದಲ ಸಾಲಿನಲ್ಲೇ ತೀರ್ಮಾನವನ್ನಿಟ್ಟು ಅಂಶಗಳನ್ನು ಪಟ್ಟಿ ಮಾಡುವ ಬರವಣಿಗೆಯನ್ನು. ಇತಿಹಾಸ ವಿಭಾಗ ಕೇಳುವ ಮಾದರಿ ಬರಹ ಸಾಮಾನ್ಯವಾಗಿ ಇಪ್ಪತ್ತು ಇಪ್ಪತ್ತೈದು ಪುಟದ್ದು. ಅದರಲ್ಲಿ ಮೂಲ ದಾಖಲೆಯೊಂದನ್ನು ಅನುಮಾನದಿಂದ ಓದುವುದು, ಪರಸ್ಪರ ಒಪ್ಪದ ಸಾಕ್ಷ್ಯಗಳನ್ನು ತೂಗುವುದು ಕಾಣಬೇಕು. ಶಿಫಾರಸು ಪತ್ರಕ್ಕೆ ಬೆಟಾಲಿಯನ್ ಕಮಾಂಡರ್ ಎಷ್ಟೇ ಒಳ್ಳೆಯ ಮಾತು ಬರೆದರೂ, ಈತ ಸೆಮಿನಾರಿನಲ್ಲಿ ಹೇಗೆ ಓದುತ್ತಾನೆ ಎಂಬುದನ್ನು ಅವರು ಹೇಳಲಾರರು. ಈ ಎರಡು ಕೊರತೆಗಳನ್ನೂ ತುಂಬಿಕೊಳ್ಳಲು ಹತ್ತಿರದ ವಿಶ್ವವಿದ್ಯಾಲಯವೊಂದರಲ್ಲಿ ಪದವಿಗೆ ನೋಂದಾಯಿಸಿಕೊಳ್ಳದೆ, ಸ್ವಂತ ಹಣದಲ್ಲಿ ಒಂದು ಸ್ನಾತಕೋತ್ತರ ಸೆಮಿನಾರಿಗೆ ಸೇರಿದೆ. ಅಲ್ಲಿ ಬರೆದ ಪ್ರಬಂಧವೇ ಮಾದರಿ ಬರಹವಾಯಿತು, ಅಲ್ಲಿಯ ಅಧ್ಯಾಪಕರೇ ಪತ್ರ ಬರೆದರು. ಉದ್ದೇಶಪತ್ರದಲ್ಲಿ ಸೇವೆಯ ಪ್ರಸ್ತಾಪವನ್ನು ಒಂದು ಪ್ಯಾರಾಕ್ಕೆ ಮಿತಗೊಳಿಸಿ, ಅದನ್ನೂ ಉಗ್ರಾಣದ ಲೆಕ್ಕಪುಸ್ತಕಗಳ ಪರಿಚಯವೆಂಬ ಕಾರಣಕ್ಕಷ್ಟೇ ತಂದೆ. ಸ್ನಾತಕೋತ್ತರ ಪ್ರವೇಶದ ಜಿಆರ್‌ಇ ಪರೀಕ್ಷೆಯನ್ನು ಅನೇಕ ಇತಿಹಾಸ ವಿಭಾಗಗಳು ಈಗ ಕೇಳುವುದಿಲ್ಲ.

ಇನ್ನು ಲೆಕ್ಕ. ಪೋಸ್ಟ್-9/11 ಜಿಐ ಬಿಲ್ ಪೂರ್ಣ ಅರ್ಹತೆ ಇರುವವರಿಗೆ 36 ತಿಂಗಳ ಸೌಲಭ್ಯವನ್ನು ಕೊಡುತ್ತದೆ. ಒಂಬತ್ತು ತಿಂಗಳ ಶೈಕ್ಷಣಿಕ ವರ್ಷವೆಂದರೆ ನಾಲ್ಕು ವರ್ಷ. ಸಾರ್ವಜನಿಕ ವಿಶ್ವವಿದ್ಯಾಲಯದಲ್ಲಿ ರಾಜ್ಯದ ನಿವಾಸಿಗಳ ದರದ ಶುಲ್ಕ ಪೂರ್ತಿ ಸಂದಾಯವಾಗುತ್ತದೆ. ಖಾಸಗಿ ವಿಶ್ವವಿದ್ಯಾಲಯದಲ್ಲಿ ವಾರ್ಷಿಕ ಮಿತಿಯಿದೆ, ಮಿತಿಯ ಆಚೆಯದನ್ನು ಯೆಲ್ಲೊ ರಿಬ್ಬನ್ ಒಪ್ಪಂದದ ಮೂಲಕ ವಿಶ್ವವಿದ್ಯಾಲಯವೂ ಮಾಜಿ ಸೈನಿಕರ ಇಲಾಖೆಯೂ ಹಂಚಿಕೊಳ್ಳಬಹುದು. ಆ ಒಪ್ಪಂದದಲ್ಲಿ ಎಷ್ಟು ವಿದ್ಯಾರ್ಥಿಗಳಿಗೆ, ಯಾವ ಹಂತದ ಪದವಿಗೆ ಎಂಬುದನ್ನು ವಿಶ್ವವಿದ್ಯಾಲಯವೇ ಗೊತ್ತುಮಾಡುವುದರಿಂದ ಬಿ.ಎ.ಗೆ ಇದ್ದದ್ದು ಎಂ.ಎ.ಗೆ ಇರಲೇಬೇಕೆಂದಿಲ್ಲ. ವಸತಿ ಭತ್ಯೆಯನ್ನು ತರಗತಿ ನಡೆಯುವ ಸ್ಥಳದ ಪಿನ್ ಸಂಖ್ಯೆಯ ಆಧಾರದ ಮೇಲೆ, ಅವಲಂಬಿತರಿರುವ ಇ-5 ದರ್ಜೆಯ ಸಾರ್ಜೆಂಟಿಗೆ ಸಲ್ಲುವ ದರದಲ್ಲಿ ಕೊಡುತ್ತಾರೆ. ಎಲ್ಲವೂ ಆನ್‌ಲೈನ್ ಆದರೆ ರಾಷ್ಟ್ರೀಯ ಸರಾಸರಿಯ ಅರ್ಧ. ಸೆಮಿಸ್ಟರುಗಳ ನಡುವಿನ ರಜೆಗೆ ಭತ್ಯೆ ಇಲ್ಲ. ಪುಸ್ತಕಗಳಿಗೆ ವರ್ಷಕ್ಕೆ ಹೆಚ್ಚೆಂದರೆ 1,000 ಡಾಲರ್.

ಇತಿಹಾಸದ ವಿದ್ಯಾರ್ಥಿ ಗಮನಿಸಬೇಕಾದದ್ದು ಇದರಾಚೆ ಇದೆ. ಈ ದೇಶದಲ್ಲಿ ಇತಿಹಾಸದ ಎಂ.ಎ.ಗೆ ವಿಭಾಗಗಳು ಸಾಮಾನ್ಯವಾಗಿ ಹಣ ಕೊಡುವುದಿಲ್ಲ, ಪಿಎಚ್‌.ಡಿ.ಗಾದರೋ ಅನೇಕ ವಿಭಾಗಗಳು ಬೋಧನಾ ಸಹಾಯಕನ ಕೆಲಸಕ್ಕೆ ಪ್ರತಿಯಾಗಿ ಶುಲ್ಕ ವಿನಾಯಿತಿಯನ್ನೂ ವೇತನವನ್ನೂ ಹಲವು ವರ್ಷಗಳವರೆಗೆ ನೀಡುತ್ತವೆ, ಬಿ.ಎ. ಮುಗಿಸಿದವರನ್ನು ನೇರವಾಗಿಯೂ ತೆಗೆದುಕೊಳ್ಳುತ್ತವೆ. ಜಿಐ ಬಿಲ್ ಇತರ ವಿನಾಯಿತಿಗಳನ್ನು ಕಳೆದು ಉಳಿದ ಶುಲ್ಕವನ್ನಷ್ಟೇ ಕೊಡುತ್ತದೆ. ಹೀಗಾಗಿ ವಿನಾಯಿತಿ ಇರುವ ವರ್ಷದಲ್ಲಿ ಅದನ್ನು ಬಳಸಿದರೆ ವಸತಿ ಮತ್ತು ಪುಸ್ತಕದ ಹಣ ಮಾತ್ರ ಬರುತ್ತದೆ, ತಿಂಗಳುಗಳು ಮಾತ್ರ ಅದೇ ವೇಗದಲ್ಲಿ ಕರಗುತ್ತವೆ. ಸಂಸಾರವಿರುವವರಿಗೆ ಬೋಧನಾ ಸಹಾಯಕನ ವೇತನ ಸಾಲದು, ಅವರು ಆ ಭತ್ಯೆಯನ್ನು ಮೊದಲ ವರ್ಷದಿಂದಲೇ ಪಡೆಯುವುದು ಸರಿಯಾದ ನಿರ್ಧಾರವೇ. ನಾನು ಒಬ್ಬಂಟಿ. 2013ರ ಜನವರಿ 1ರಂದು ಅಥವಾ ಅನಂತರ ಬಿಡುಗಡೆಯಾದವರಿಗೆ ಜಿಐ ಬಿಲ್ ಬಳಸಲು ಇದ್ದ ಹದಿನೈದು ವರ್ಷಗಳ ಗಡುವನ್ನು 2017ರ ಕಾನೂನು ತೆಗೆದುಹಾಕಿದೆ, ನಾನು ಆ ಗುಂಪಿಗೆ ಸೇರಿದವನು. ಆದ್ದರಿಂದ ವಿಭಾಗದ ಹಣ ಮುಗಿದು ಪ್ರಬಂಧ ಮುಗಿಯದಿರುವ ಕೊನೆಯ ವರ್ಷಗಳಿಗೆಂದು ಆ ತಿಂಗಳುಗಳನ್ನು ಕಾಪಾಡಿಕೊಳ್ಳುವುದು ನನಗೆ ಮೇಲೆನಿಸಿತು.

ಹಾಗೆ ಕಾಪಾಡಿಕೊಂಡದ್ದು ಕೊನೆಗೆ ಕೆಲಸಕ್ಕೆ ಬರಬೇಕಾದರೆ ಇನ್ನೊಂದು ವಿಷಯ ಖಚಿತವಾಗಬೇಕಿತ್ತು. ಪೂರ್ಣಾವಧಿಯ ಅರ್ಧಕ್ಕಿಂತ ಹೆಚ್ಚು ಓದುತ್ತಿದ್ದರೆ ಮಾತ್ರ ವಸತಿ ಭತ್ಯೆ. ಪ್ರಬಂಧದ ಹಂತದಲ್ಲಿ ವಿದ್ಯಾರ್ಥಿಗೆ ತರಗತಿಗಳೇ ಇರುವುದಿಲ್ಲ, ಕೆಲವೊಮ್ಮೆ ಒಂದೇ ಕ್ರೆಡಿಟ್ ನೋಂದಣಿ ಇರುತ್ತದೆ. ಅದನ್ನು ಪೂರ್ಣಾವಧಿ ಎಂದು ಲೆಕ್ಕ ಹಾಕುವುದು ಆಯಾ ವಿಶ್ವವಿದ್ಯಾಲಯದ ನಿಯಮಕ್ಕೆ ಬಿಟ್ಟದ್ದು, ಅದನ್ನು ಇಲಾಖೆಗೆ ವರದಿ ಮಾಡುವವರು ಅಲ್ಲಿಯ ಸರ್ಟಿಫೈಯಿಂಗ್ ಅಧಿಕಾರಿ. ಪ್ರವೇಶ ವಿಭಾಗದವರಿಗಾಗಲಿ ಅಧ್ಯಾಪಕರಿಗಾಗಲಿ ಇದು ತಿಳಿದಿರುವುದು ಅಪರೂಪ. ಪ್ರತಿಯೊಂದು ಕಡೆಯೂ ಆ ಅಧಿಕಾರಿಗೇ ನೇರವಾಗಿ ಬರೆದು, ಪ್ರಬಂಧದ ಹಂತದ ನೋಂದಣಿಯನ್ನು ಹೇಗೆ ವರದಿ ಮಾಡುತ್ತೀರಿ, ನಾನು ಜಿಐ ಬಿಲ್ ಬಳಸತೊಡಗಿದರೆ ವಿಭಾಗ ತನ್ನ ಶುಲ್ಕ ವಿನಾಯಿತಿಯನ್ನು ಹಿಂತೆಗೆದುಕೊಳ್ಳುವುದೇ ಎಂಬ ಎರಡು ಪ್ರಶ್ನೆಗಳಿಗೆ ಲಿಖಿತ ಉತ್ತರ ಕೇಳಿದೆ. ಉತ್ತರಗಳು ಒಂದರಂತೆ ಒಂದಿರಲಿಲ್ಲ.

ಕೊನೆಗೆ ತೂಗಬೇಕಾಗಿ ಬಂದದ್ದು ಎರಡನ್ನು. ಹೆಸರಾಂತ ಖಾಸಗಿ ವಿಶ್ವವಿದ್ಯಾಲಯವೊಂದು ಎರಡು ವರ್ಷದ ಎಂ.ಎ.ಗೆ ಯೆಲ್ಲೊ ರಿಬ್ಬನ್ ಸಹಿತ ಪೂರ್ತಿ ಶುಲ್ಕದ ಭರವಸೆ ಕೊಟ್ಟಿತ್ತು. ಅದರಲ್ಲಿ 18 ತಿಂಗಳು ಖರ್ಚಾಗುತ್ತಿದ್ದವು, ನನ್ನ ರಣರಂಗವನ್ನು ಬಲ್ಲವರು ಯಾರೂ ಅಲ್ಲಿರಲಿಲ್ಲ. ಅಷ್ಟೇನೂ ಹೆಸರಿಲ್ಲದ ಸಾರ್ವಜನಿಕ ವಿಶ್ವವಿದ್ಯಾಲಯವೊಂದು ಐದು ವರ್ಷದ ನೆರವಿನೊಡನೆ ಪಿಎಚ್‌.ಡಿ.ಗೆ ಕರೆದಿತ್ತು, ನಾನು ಹುಡುಕುತ್ತಿದ್ದ ಎರಡೂ ಕ್ಷೇತ್ರಗಳ ಅಧ್ಯಾಪಕರು ಅಲ್ಲಿದ್ದರು, ಕಾಲೇಜ್ ಪಾರ್ಕ್ ಒಂದು ದಿನದ ಕಾರು ಪ್ರಯಾಣದ ದೂರದಲ್ಲಿತ್ತು. ಅಧ್ಯಾಪಕ ಹುದ್ದೆಗಳು ವಿರಳವಾಗಿರುವ ಈ ಕಾಲದಲ್ಲಿ ಹೆಸರಿಗೆ ಬೆಲೆಯಿದೆ ಎಂದು ಹಿತೈಷಿಗಳು ಎಚ್ಚರಿಸಿದರು, ಅದು ಸುಳ್ಳಲ್ಲ. ಆದರೆ ನನ್ನ ಮನಸ್ಸಿನಲ್ಲಿದ್ದದ್ದು ಅಧ್ಯಾಪಕ ಹುದ್ದೆಯೊಂದೇ ಆಗಿರಲಿಲ್ಲ. ಸೇನೆಯ ಕಮಾಂಡುಗಳಲ್ಲಿ, ವಸ್ತುಸಂಗ್ರಹಾಲಯಗಳಲ್ಲಿ, ರಾಷ್ಟ್ರೀಯ ಉದ್ಯಾನ ಸೇವೆಯಲ್ಲಿ ಇತಿಹಾಸಕಾರರ ಹುದ್ದೆಗಳಿವೆ. ಸಂಯುಕ್ತ ಸರಕಾರದ 0170 ಶ್ರೇಣಿಯ ಆ ಹುದ್ದೆಗಳಿಗೆ ಮಾಜಿ ಸೈನಿಕರ ಆದ್ಯತೆಯೂ ಅನ್ವಯಿಸುತ್ತದೆ. ಅಲ್ಲಿ ಕೇಳುವುದು ದಾಖಲೆ ಓದುವ ಪಳಗಿಕೆಯನ್ನು.

ಹಣದ ನೆರವಿನ ಪ್ರಸ್ತಾಪಗಳಿಗೆ ಉತ್ತರಿಸಲು ಬಹುಪಾಲು ವಿಶ್ವವಿದ್ಯಾಲಯಗಳು ಏಪ್ರಿಲ್ 15ರವರೆಗೆ ಕಾಲಾವಕಾಶ ಕೊಡುತ್ತವೆ. ಅಷ್ಟು ಕಾಯದೆ ಮಾರ್ಚ್ ಮುಗಿಯುವುದರೊಳಗೆ ಸಾರ್ವಜನಿಕ ವಿಶ್ವವಿದ್ಯಾಲಯಕ್ಕೆ ಒಪ್ಪಿಗೆ ಬರೆದೆ. ಅದೇ ದಿನ ಉಳಿದ ವಿಭಾಗಗಳಿಗೂ ನಿರಾಕರಣೆಯ ಪತ್ರ ಕಳುಹಿಸಿದೆ, ಏಕೆಂದರೆ ಕಾಯುವವರ ಪಟ್ಟಿಯಲ್ಲಿರುವ ಮತ್ತೊಬ್ಬರಿಗೆ ಆ ಸ್ಥಾನ ಎಷ್ಟು ಬೇಗ ಹೋದರೆ ಅಷ್ಟು ಒಳ್ಳೆಯದು. ಜಿಐ ಬಿಲ್ ಅರ್ಹತಾ ಪತ್ರಕ್ಕೆ 22-1990 ನಮೂನೆಯನ್ನು ಮಾತ್ರ ಆಗಲೇ ತುಂಬಿ ತರಿಸಿಕೊಂಡೆ. ಅರ್ಹತೆ ಪತ್ರ ಕೈಯಲ್ಲಿದ್ದ ಮಾತ್ರಕ್ಕೆ ತಿಂಗಳು ಖರ್ಚಾಗುವುದಿಲ್ಲ. ಸರ್ಟಿಫೈಯಿಂಗ್ ಅಧಿಕಾರಿ ನಮ್ಮ ನೋಂದಣಿಯನ್ನು ವರದಿ ಮಾಡಿದಾಗಲಷ್ಟೇ ಎಣಿಕೆ ಆರಂಭವಾಗುತ್ತದೆ. ಆ ವರದಿಯನ್ನು ಐದನೆಯ ವರ್ಷ ಮುಗಿಯುವವರೆಗೆ ಮಾಡಬಾರದೆಂದು ಅವರಿಗೆ ಬರೆದುಕೊಟ್ಟು, ಅದರ ಪ್ರತಿಯೊಂದನ್ನು ವಿಭಾಗದ ಕಚೇರಿಗೂ ಕೊಟ್ಟೆ.